ಉಪ್ಪು ಹಾಕುವ ಕೈ

ಈಶ್ವರಪ್ರಸಾದ ಭಟ್ಟರು ಜೀವಮಾನದಲ್ಲಿ ಒಂದು ಸಲವೂ ಒಲೆಬುಡದಲ್ಲಿ ನಿಂತು ಅಡಿಗೆಯ ರುಚಿ ನೋಡಿದವರಲ್ಲ. ಅಡೂರಿನಿಂದ ಕುಂಬಳೆಯವರೆಗೆ ಯಾರ ಮನೆಯಲ್ಲಿ ಉಪನಯನ, ಮದುವೆ, ಗೃಹಪ್ರವೇಶ ಇದ್ದರೂ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದವರು ಅವರೇ. ಮೀಸೆ ಮೂಡುವ ಮೊದಲೇ ಸೌಟು ಹಿಡಿದ ಕೈ. ದೇವರಿಗೆ ನೈವೇದ್ಯ ಆಗುವ ಮೊದಲು ಅಡಿಗೆ ಯಾರ ನಾಲಗೆಗೂ ತಾಗಬಾರದು ಎಂಬುದು ಅವರು ಕಲಿತ ಮೊದಲ ಪಾಠ. ಹಾಗಾದರೆ ಉಪ್ಪು ಹುಳಿ ಗೊತ್ತಾಗುವುದು ಹೇಗೆ ಎಂದು ಪೇಟೆಯಿಂದ ಬಂದ ನೆಂಟರು ಕೇಳಿದರೆ ಭಟ್ಟರು ಬೆರಳಿನಿಂದ ಮೂಗಿನ ತುದಿ ತಟ್ಟುತ್ತಿದ್ದರು.

"ಉಪ್ಪು ಬೀಳದ ಕೊದಿಲಿನ ಹಬೆಯಲ್ಲಿ ಬೇಳೆ ಬೇರೆ, ಹುಳಿ ಬೇರೆ, ತರಕಾರಿ ಬೇರೆ ಇರ್ತದೆ, ಜಗಳ ಮಾಡಿದ ಅಣ್ಣತಮ್ಮಂದಿರ ಹಾಗೆ. ಉಪ್ಪು ಬಿದ್ರೆ ಎಲ್ಲ ಒಂದೇ ಮನೆಯವರು" ಎನ್ನುತ್ತಿದ್ದರು. ಘಟ್ಟದ ಮೇಲಿನವರು ಸಾಂಬಾರು ಅನ್ನುವುದಕ್ಕೆ ಈ ಕಡೆ ಕೊದಿಲು ಎಂದು ಹೆಸರು. ಭಟ್ಟರ ಸೌತೆಕಾಯಿ ಕೊದಿಲಿಗಾಗಿಯೇ ಊಟಕ್ಕೆ ಉಳಿಯುವವರಿದ್ದರು.

ಇನ್ನೊಂದು ಕಟ್ಟುನಿಟ್ಟು ಅವರದೇ ಆದದ್ದು. ಅಡಿಗೆ ಕೊಟ್ಟಿಗೆಯಲ್ಲಿ ಎಷ್ಟು ಜನ ಇದ್ದರೂ ಉಪ್ಪು ಹಾಕುವ ಕೈ ಒಂದೇ ಇರಬೇಕು. ಹತ್ತು ಜನ ತಿರುವಲಿ, ಹೆಚ್ಚಲಿ, ಅರೆಯಲಿ, ಉಪ್ಪಿನ ತಟ್ಟೆಯನ್ನು ಮಾತ್ರ ಬೇರೆಯವರು ಮುಟ್ಟಬಾರದು. ಹಾಕಿದ ಕೂಡಲೇ ಭಟ್ಟರು "ಕೊದಿಲಿಗೆ ಬಿತ್ತು", "ಸಾರಿಗೆ ಬಿತ್ತು" ಎಂದು ದೊಡ್ಡ ಸ್ವರದಲ್ಲಿ ಹೇಳುತ್ತಿದ್ದರು. ಆ ಸ್ವರ ಅಂಗಳದ ಚಪ್ಪರದವರೆಗೂ ಕೇಳುತ್ತಿತ್ತು. ರುಚಿ ನೋಡುವ ಹಾಗಿಲ್ಲದ ಅಡಿಗೆಗೆ ಎರಡು ಕೈ ಉಪ್ಪು ಬಿದ್ದರೆ ಆಮೇಲೆ ದೇವರೇ ಗತಿ.

ಅಡಿಗೆಯ ಮುಂದೆ ಮಡಿ ಎಷ್ಟು ಖಂಡಿತವೋ, ಅಡಿಗೆ ಮುಗಿದ ಮೇಲೆ ಕವಳವೂ ಅಷ್ಟೇ ಖಂಡಿತ. ವೀಳ್ಯದೆಲೆ, ಅಡಿಕೆ, ಸುಣ್ಣ, ನಡುವೆ ಒಂದು ಚೂರು ಹೊಗೆಸೊಪ್ಪು. ಹಂಡೆ ತೊಳೆಯಲು ಇಟ್ಟ ಕೂಡಲೇ ಎಡದವಡೆಯಲ್ಲಿ ಒತ್ತಿಟ್ಟ ಕವಳ ಬಸ್ಸು ಹತ್ತಿ ಮನೆಗೆ ಬರುವವರೆಗೂ ಅಲ್ಲೇ. ಒಂದು ಮಳೆಗಾಲದಲ್ಲಿ ನಾಲಗೆಯ ಎಡ ಅಂಚಿನಲ್ಲಿ ಬಿಳಿ ಕಲೆ ಕಾಣಿಸಿಕೊಂಡಾಗ ಅದು ಸುಣ್ಣ ಸುಟ್ಟದ್ದು ಎಂದು ಅವರು ತೀರ್ಮಾನಿಸಿದರು. ಕವಳ ಹಾಕುವವರಿಗೆಲ್ಲ ಬಾಯಿ ಸುಣ್ಣಕ್ಕೆ ಸುಡುತ್ತದೆ, ತುಪ್ಪ ಹಚ್ಚಿದರೆ ಹೋಗುತ್ತದೆ. ಭಟ್ಟರು ಸುಣ್ಣ ಬದಲಾಯಿಸಿದರು. ಅಂಗಡಿಯ ಡಬ್ಬಿ ಸುಣ್ಣ ಬಿಟ್ಟು ಚಿಪ್ಪಿ ಸುಣ್ಣ ತರಿಸಿದರು. ಕವಳವನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿದರು. ಸುಣ್ಣದ ಮೇಲೆ ಹೊರಿಸಿದ ಅಪವಾದದಲ್ಲಿ ಒಂದು ವರ್ಷ ಹೋಯಿತು. ಕಲೆ ಹುಣ್ಣಾಯಿತು, ಹುಣ್ಣು ಗಟ್ಟಿಯಾಯಿತು, ಕಿವಿಯವರೆಗೆ ನೋವು ಹತ್ತಿತು. ಮಂಗಳೂರಿನಲ್ಲಿರುವ ಮಗಳು ಸೌಮ್ಯಶ್ರೀ, ಬಾಣಂತನಕ್ಕೆ ಬಂದವಳು, ಅಪ್ಪ ಮಜ್ಜಿಗೆ ಕುಡಿಯುವಾಗಲೂ ಮುಖ ಕಿವುಚುವುದನ್ನು ಕಂಡು ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಕ್ಯಾನ್ಸರ್ ನಾಲಗೆಯ ಬೇರಿಗೆ ಇಳಿದು ದವಡೆಯ ಎಲುಬನ್ನು ಹಿಡಿದಿತ್ತು. ನಾಲಗೆಯನ್ನು ಪೂರ್ತಿ, ಎಡಗಡೆಯ ಕೆಳದವಡೆಯನ್ನು ಗಲ್ಲದವರೆಗೆ, ಕುತ್ತಿಗೆಯ ಗಂಟುಗಳನ್ನು ತೆಗೆಯಬೇಕು, ತೊಡೆಯ ಮಾಂಸವನ್ನು ತಂದು ಬಾಯಿಯ ತಳಕ್ಕೆ ಹೊಲಿಯಬೇಕು ಎಂದು ಡಾಕ್ಟರು ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಮಾತು ಹೋಗುತ್ತದೆ ಎಂದರು. ರುಚಿಯೂ ಹೋಗುತ್ತದೆ, ಅಗಿಯುವುದು ಇನ್ನಿಲ್ಲ ಎಂದರು. ಸೌಮ್ಯಶ್ರೀ ಅಲ್ಲೇ ಅಳಲು ತೊಡಗಿದಳು. ಹೆಂಡತಿ ವೆಂಕಟಲಕ್ಷ್ಮಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡುತ್ತ ಕೂತರು. ಭಟ್ಟರು ಮಾತ್ರ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಮೂಗು ಇರ್ತದಲ್ಲ?" ಎಂದು ಕೇಳಿದರು.

ಮೂಗಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಸ್ವಲ್ಪ ತಬ್ಬಿಬ್ಬಾಗಿ ಹೇಳಿದರು.

"ಹಾಗಾದ್ರೆ ತೆಗೀರಿ" ಎಂದರು ಭಟ್ಟರು.

ಆಪರೇಷನ್ ಬೆಳಿಗ್ಗೆ ಸುರುವಾಗಿ ಸಂಜೆಗೆ ಮುಗಿಯಿತು. ಎಚ್ಚರವಾದಾಗ ಮೂಗಿನಲ್ಲೊಂದು ಕೊಳವೆ, ಉಸಿರಾಡಲು ಗಂಟಲಿನಲ್ಲೊಂದು ತೂತು, ಮುಖ ಹಲಸಿನ ಹಣ್ಣಿನಷ್ಟು ಊದಿಕೊಂಡಿತ್ತು. ಭಟ್ಟರು ಮೊದಲು ಮಾಡಿದ ಕೆಲಸ ವಾಸನೆ ಹಿಡಿಯಲು ನೋಡಿದ್ದು. ಆಸ್ಪತ್ರೆಯ ಔಷಧದ ವಾಸನೆ ಎಲ್ಲಿ? ಹಾಸಿಗೆಯ ವಾಸನೆ ಎಲ್ಲಿ? ಹೆಂಡತಿಯ ತಲೆಯ ತೆಂಗಿನೆಣ್ಣೆ ಎಲ್ಲಿ? ಯಾವುದೂ ಇಲ್ಲ. ಆ ಮನುಷ್ಯ ನಾಲಗೆ ಹೋದದ್ದಕ್ಕೆ ಅತ್ತಿರಲಿಲ್ಲ. ಆಗ ಅತ್ತರು. ಮೂಗನ್ನು ತಟ್ಟಿ ತಟ್ಟಿ ತೋರಿಸಿದಾಗ ಮೂಗಿನ ಕೊಳವೆ ನೋಯುತ್ತಿದೆ ಎಂದುಕೊಂಡು ಎಲ್ಲರೂ ಕೊಳವೆಯ ಪಟ್ಟಿಯನ್ನೇ ಸರಿಮಾಡುತ್ತಿದ್ದರು. ಗೊತ್ತಾದದ್ದು ವೆಂಕಟಲಕ್ಷ್ಮಿಗೆ ಮಾತ್ರ. ಅವರು ಹೋಗಿ ನರ್ಸನ್ನು ಕರೆತಂದರು. ಉಸಿರು ಗಂಟಲಿನ ತೂತಿನಿಂದಲೇ ಹೋಗಿ ಬರುವಾಗ ಮೂಗಿಗೆ ಕೆಲಸವಿಲ್ಲ, ತೂತು ಮುಚ್ಚಿದ ಮೇಲೆ ಎಲ್ಲ ಮೊದಲಿನಂತೆ ಎಂದು ನರ್ಸು ಸಮಾಧಾನ ಹೇಳಿ ಹೋದಳು.

ಆ ತೂತು ಮುಚ್ಚಿದ ದಿನ ಆಸ್ಪತ್ರೆಯ ಕ್ಯಾಂಟೀನಿನಿಂದ ಒಂದು ವಾಸನೆ ಓಣಿಯುದ್ದಕ್ಕೂ ಬಂತು. ಭಟ್ಟರು ತಟ್ಟನೆ ಎದ್ದು ಕೂತರು. ಕೈಯಿಂದ ಸಾಸಿವೆ ಎತ್ತಿ ಎಣ್ಣೆಗೆ ಹಾಕಿದ ಹಾಗೆ ಮಾಡಿ, ಹಣೆ ಚಚ್ಚಿಕೊಂಡರು. ಒಗ್ಗರಣೆ ಕರಟಿಹೋಗಿದೆ ಎಂದು ಅವರ ಸಿಟ್ಟು. ಅಷ್ಟು ಸಂತೋಷದ ಸಿಟ್ಟನ್ನು ವೆಂಕಟಲಕ್ಷ್ಮಿ ಮೊದಲು ಕಂಡಿರಲಿಲ್ಲ.

ಆಮೇಲೆ ವಿಕಿರಣ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಮನೆಗೆ ಬಂದ ಮೇಲೆ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ನಿಶ್ಮಿತಾ ಆಗಾಗ ಬಂದು ಗಾಯ ನೋಡಿದಳು, ತಲೆಯನ್ನು ಹಿಂದಕ್ಕೆ ಬಾಗಿಸಿ ತೆಳ್ಳಗಿನದ್ದನ್ನು ಗಂಟಲಿಗೆ ಜಾರಿಸುವುದನ್ನು ಕಲಿಸಿದಳು. ಸೌಮ್ಯಶ್ರೀ ಮಗುವನ್ನು ಎತ್ತಿಕೊಂಡು ತವರಿಗೇ ಬಂದು ನಿಂತಳು. ಮೊದಲ ಅನ್ನ ಉಣ್ಣಬೇಕಾದ ಮೊಮ್ಮಗಳಿಗೂ, ಅನ್ನ ಬಿಟ್ಟ ಅಜ್ಜನಿಗೂ ಒಂದೇ ಪಾತ್ರೆಯಲ್ಲಿ ಗಂಜಿಯಂತೆ ತೆಳ್ಳಗೆ ಕಾಯಿಸಿದ ರಾಗಿ ಮಣ್ಣಿ. ಎರಡು ಸಲ ಸೋಸಿ, ಮಣಿಗಂಟಿಗೆ ತಾಗಿಸಿ ಬಿಸಿ ನೋಡಿ, ಗಂಟಿದೆಯೇ ಎಂದು ಮತ್ತೊಮ್ಮೆ ಸೋಸುತ್ತಿದ್ದಳು. ಅಜ್ಜ ಕೆಮ್ಮಿದರೆ ಮಗುವನ್ನು ಬಿಟ್ಟು ಓಡುತ್ತಿದ್ದಳು, ಮಗು ಕೆಮ್ಮಿದರೆ ಅಜ್ಜನನ್ನು ಬಿಟ್ಟು. ಎರಡು ಬಟ್ಟಲಿನ ಮಣ್ಣಿಯೂ ಆರುತ್ತಿತ್ತು.

ನೋಡಲು ಬಂದವರು ಕಿವುಡರ ಹತ್ತಿರ ಮಾತಾಡುವ ಹಾಗೆ ಭಟ್ಟರ ಕಿವಿಗೆ ಕೂಗುತ್ತಿದ್ದರು. ಕೆಲವರು ಅವರು ಎದುರಿಗೇ ಇದ್ದಾಗ "ಇವರಿಗೆ ಎಲ್ಲ ಅರ್ಥ ಆಗ್ತದಾ?" ಎಂದು ವೆಂಕಟಲಕ್ಷ್ಮಿಯನ್ನು ಕೇಳುತ್ತಿದ್ದರು. "ಮೊದಲಿಗಿಂತ ಜಾಸ್ತಿ ಅರ್ಥ ಆಗ್ತದೆ. ಈಗ ಅಡ್ಡ ಮಾತಾಡುವುದಿಲ್ಲ ಅಲ್ವಾ" ಎಂದು ಅವರು ಉತ್ತರ ಕೊಡುತ್ತಿದ್ದರು.

ಅಷ್ಟರಲ್ಲಿ ಭಟ್ಟರ ಅಡಿಗೆಗಳೆಲ್ಲ ಶ್ರೀಕೃಷ್ಣನ ಕೈಗೆ ಹೋಗಿದ್ದವು. ಶ್ರೀಕೃಷ್ಣ ವೆಂಕಟಲಕ್ಷ್ಮಿಗೆ ಚಿಕ್ಕಪ್ಪನ ಮಗ, ಭಟ್ಟರ ಜೊತೆಯಲ್ಲೇ ತೆಂಗಿನಕಾಯಿ ಹೆರೆದು, ಸೌತೆಕಾಯಿ ಹೆಚ್ಚಿ ಕೆಲಸ ಕಲಿತವನು. ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಕಾವಲಿಗೂ ನಿಂತಿದ್ದ. ಆದರೆ ಈಗ "ಶ್ರೀಕೃಷ್ಣ ಭಟ್ಟರ ಅಡಿಗೆ" ಎಂದು ಜನ ಹೇಳುವುದು ಅವನ ಕಿವಿಗೆ ಹಿತವಾಗಿತ್ತು. ಭಟ್ಟರು ಅಂಗಳದಲ್ಲಿ ಕೂತು, ಎದುರಿನ ರಸ್ತೆಯಲ್ಲಿ ಅವನ ಟೆಂಪೊ ಕೊಪ್ಪರಿಗೆಗಳನ್ನು ಕುಲುಕಿಸುತ್ತ ಹೋಗುವುದನ್ನು ನೋಡುತ್ತಿದ್ದರು. ತಮ್ಮ ಮೂಗು ಇದೆ, ಕೈ ಇದೆ, ಕಾಲು ಇದೆ. ಅಡಿಗೆಗೆ ಎಂದೂ ಬೇಡವಾಗಿದ್ದ ಅಂಗ ಒಂದು ಹೋಯಿತು. ಅದಕ್ಕೆ ಕೆಲಸ ಯಾಕೆ ಹೋಗಬೇಕು?

ಸೀತಾಂಗೋಳಿಯ ವಿಷ್ಣುಪ್ರಸಾದರು ಮಗನ ಉಪನಯನದ ಕಾಗದ ಹಿಡಿದು ಬಂದದ್ದು ಆ ಸಮಯದಲ್ಲಿ. ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಅವರಿಗೆ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಉಂಟು. ಅವರ ಮದುವೆಯಿಂದ ಹಿಡಿದು ಮನೆಯ ಎಲ್ಲ ಊಟಗಳೂ ಭಟ್ಟರ ಕೈಯವೇ. ವಿಷ್ಣುಪ್ರಸಾದರು ಬಹಳ ಹೊತ್ತು ಸುತ್ತು ಬಳಸಿ, ಅಡಿಗೆ ಶ್ರೀಕೃಷ್ಣನಿಗೆ ವಹಿಸಿದ್ದನ್ನು ಹೇಳಿದರು.

"ಈಶ್ವರಣ್ಣ, ನೀವು ಬಂದು ಕೂತ್ರೆ ಸಾಕು. ಸಭೆಯಲ್ಲಿ ಒಂದು ಶಾಲು ಹೊದೆಸುವ ಅಂತ ನಮಗೆಲ್ಲ ಉಂಟು."

ಭಟ್ಟರು ಎದ್ದು ಒಳಗೆ ಹೋದರು. ಹೊರಗೆ ಬರುವಾಗ ಅವರ ಉದ್ದ ಹಿಡಿಯ ಸೌಟು ಕೈಯಲ್ಲಿತ್ತು. ಅದನ್ನು ತಂದು ವಿಷ್ಣುಪ್ರಸಾದರ ತೊಡೆಯ ಮೇಲೆ ಅಡ್ಡ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತುಕೊಂಡರು. ವಿಷ್ಣುಪ್ರಸಾದರು ಸೌಟನ್ನೂ ವೆಂಕಟಲಕ್ಷ್ಮಿಯ ಮುಖವನ್ನೂ ನೋಡಿದರು.

"ಶಾಲು ಬೇಕಾದ್ರೆ ಸೌಟಿಗೆ ಹೊದೆಸಬಹುದಂತೆ" ಎಂದರು ವೆಂಕಟಲಕ್ಷ್ಮಿ. "ಅವರು ಬಂದ್ರೆ ಅಡಿಗೆಗೆ ಬರುವುದಂತೆ."

ವಿಷ್ಣುಪ್ರಸಾದರು ನೋಡುವ, ಮಾತಾಡುವ ಎನ್ನುತ್ತ ಎದ್ದುಹೋದರು. ಅವರ ದನಿಯಲ್ಲಿ ಇಲ್ಲ ಎನ್ನುವುದೇ ಇತ್ತು.

ಉಪನಯನದ ದಿನ ಭಟ್ಟರು ಬೆಳಿಗ್ಗೆ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಸೌಟು ಹಿಡಿದು ಹೊರಟರು. ಸೌಮ್ಯಶ್ರೀ ಬಾಗಿಲಿಗೆ ಅಡ್ಡ ನಿಂತಳು. ಹೊಗೆಗೆ ಗಂಟಲು ಕಟ್ಟಿದರೆ, ಕೆಮ್ಮು ಹಿಡಿದರೆ, ಎಂಜಲು ಶ್ವಾಸಕ್ಕೆ ಹೋದರೆ ಎಂದು ಆಗಬಹುದಾದದ್ದನ್ನೆಲ್ಲ ಹೇಳಿದಳು. ಭಟ್ಟರು ತಾಳ್ಮೆಯಿಂದ ಕೇಳಿಸಿಕೊಂಡು, ಅವಳ ಕಂಕುಳಲ್ಲಿದ್ದ ಮಗುವಿನ ಕೆನ್ನೆ ಹಿಂಡಿ, ಪಕ್ಕದಿಂದ ದಾಟಿ ಅಂಗಳಕ್ಕಿಳಿದರು. ಮತ್ತೆ ಮಾಡುವುದೇನು? ಅವಳೂ ಮಗುವಿನ ಚೀಲ, ಸೋಸುವ ಬಟ್ಟೆ, ಬಿಸಿನೀರಿನ ಫ್ಲಾಸ್ಕು ಎತ್ತಿಕೊಂಡು ಅಪ್ಪ ಅಮ್ಮನ ಹಿಂದೆಯೇ ಜೀಪು ಹತ್ತಿದಳು.

ಚಪ್ಪರದಲ್ಲಿ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಭಟ್ಟರು ಆ ಕುರ್ಚಿಯನ್ನು ತಾವೇ ಎತ್ತಿಕೊಂಡು ಮನೆಯ ಹಿಂದಿನ ಅಡಿಗೆ ಕೊಟ್ಟಿಗೆಗೆ ನಡೆದರು. ಅಲ್ಲಿ ಕೊಪ್ಪರಿಗೆಗಳು ಕುದಿಯುತ್ತಿದ್ದವು. ಶ್ರೀಕೃಷ್ಣ ಕಂಡವನೇ ಬಂದು ಬಾಗಿಲಲ್ಲಿ ತಡೆದ.

"ಭಾವ, ಬೇಸರ ಮಾಡಬೇಡಿ" ಎಂದ. "ನಿಮಗೆ ಬಾಯಿಯ ನೀರು ಇಳೀತದೆ. ನೈವೇದ್ಯದ ಅಡಿಗೆ. ಒಂದು ಹನಿ ಬಿದ್ರೆ ಎಂಜಲಾಯ್ತು ಅಂತ ನಾಳೆ ಊರಿಡೀ ಮಾತಾಗ್ತದೆ."

ಆರೋಗ್ಯ, ಹೊಗೆ, ಆಯಾಸ ಎಂದು ಇಷ್ಟು ದಿನ ಎಲ್ಲರೂ ಮುಚ್ಚಿಟ್ಟು ಮಾತಾಡಿದ್ದು ಇದನ್ನೇ. ಭಟ್ಟರಿಗೂ ಗೊತ್ತಿತ್ತು. ಕೆಳತುಟಿಯ ಎಡಭಾಗಕ್ಕೆ ಬಲವಿಲ್ಲ, ನುಂಗಲು ಮರೆತರೆ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಕೊಪ್ಪರಿಗೆಯ ಮುಂದೆ ಮಡಿಯನ್ನೇ ಉಸಿರಾಡಿದ ಮನುಷ್ಯನಿಗೆ ಅದನ್ನು ಬೇರೆಯವರು ಹೇಳಬೇಕೇ? ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅವರು ಅಭ್ಯಾಸ ಮಾಡಿದ್ದೇ ಅದನ್ನು, ತಲೆ ಎತ್ತುವುದು, ನುಂಗುವುದು, ಒರೆಸುವುದು.

ಉತ್ತರ ಕೊಟ್ಟದ್ದು ಹಿಂದೆ ಬಂದು ನಿಂತಿದ್ದ ವೆಂಕಟಲಕ್ಷ್ಮಿ.

"ಕೃಷ್ಣ, ನೀನು ಫೋನಿನಲ್ಲಿ ಹರಟುತ್ತ ಪಾಯಸ ತಿರುವಿದ್ದನ್ನು ನಾನೇ ನೋಡಿದ್ದೇನೆ. ಬಾಯಿ ಇದ್ದವರ ಎಂಜಲು ಎಲ್ಲಿಗೆ ಹಾರ್ತದೆ ಮಾರಾಯ? ಇವರದ್ದು ಕೆಳಗೆ ಇಳೀತದೆ, ಕಟ್ಟಿದ್ರೆ ನಿಲ್ತದೆ. ನಿನ್ನದಕ್ಕೆ ಎಂತ ಕಟ್ಟುವುದು?"

ತೆಂಗಿನಕಾಯಿ ಹೆರೆಯುತ್ತಿದ್ದ ಸಹಾಯಕ ಹುಡುಗ ಲತೇಶ್ ನಗು ತಡೆಯಲಾರದೆ ಮುಖ ತಿರುಗಿಸಿದ. ಭಟ್ಟರು ಹೆಗಲಿನಿಂದ ಗಲ್ಲಕ್ಕೆ ಅಡ್ಡ ಹಿಡಿದಿದ್ದ ಹಳೆಯ ಟವಲನ್ನು ತೆಗೆದರು. ಗಲ್ಲ ಇರಬೇಕಾದಲ್ಲಿ ಒಳಸರಿದ ಮುಖ, ಕಿವಿಯಿಂದ ಕುತ್ತಿಗೆಗೆ ಇಳಿದ ಹೊಲಿಗೆ. ಅಡಗಿಸುವ ಅವಸರವೇನೂ ಇಲ್ಲದೆ ಒಬ್ಬೊಬ್ಬರನ್ನೇ ನೋಡಿದರು, ಸರಿಯಾಗಿ ನೋಡಿಕೊಳ್ಳಿ ಎಂಬಂತೆ. ಆಮೇಲೆ ಹೆಂಡತಿಯ ಚೀಲದಿಂದ ಒಗೆದು ಒಣಗಿಸಿದ ಬಿಳಿ ಅಂಗವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿ ಮೂಗಿನ ಕೆಳಗೆ ಬಿಗಿದು ಕಟ್ಟಿಕೊಂಡು, ಕೈ ತೊಳೆದು, ಕುರ್ಚಿಯನ್ನು ಬಾಗಿಲ ಒಳಗೆ ಇಟ್ಟು ಕೂತರು. ಗದ್ದಲ ಕೇಳಿ ಓಡಿಬಂದ ವಿಷ್ಣುಪ್ರಸಾದರು ಇಬ್ಬರನ್ನೂ ನೋಡಿ, ಈಶ್ವರಣ್ಣ ಕೂತಿರಲಿ, ಏನನ್ನೂ ಮುಟ್ಟುವುದು ಬೇಡ ಎಂದು ಮಧ್ಯದ ದಾರಿ ಹೇಳಿ ಮುಹೂರ್ತಕ್ಕೆ ಓಡಿದರು.

ಮುಟ್ಟಬಾರದವರಾಗಿ ಭಟ್ಟರು ಅಲ್ಲಿ ಕೂತರು. ಕೊಪ್ಪರಿಗೆಗಳ ಹಬೆ ಒಂದೊಂದಾಗಿ ಅವರ ಕಡೆಗೆ ಬಂತು. ಅನಾನಸಿನ ಸಿಹಿಖಾರದ ಮೆಣಸ್ಕಾಯಿ ಸರಿಯಾಗಿದೆ. ಸಾರಿಗೆ ಇಂಗು ಜಾಸ್ತಿ, ಆದರೆ ಉಣ್ಣಬಹುದು. ಸೌತೆಕಾಯಿ ಕೊದಿಲು ಕುದಿಯುತ್ತಿದೆ, ಆದರೆ ಬೇಳೆ ಬೇರೆ, ಹುಳಿ ಬೇರೆ. ಭಟ್ಟರು ಕುರ್ಚಿಯ ಅಂಚಿಗೆ ಸರಿದರು. ಕಾದರು. ಉಪ್ಪು ಬಿತ್ತೆಂದು ಯಾರೂ ಹೇಳಲಿಲ್ಲ.

ನೈವೇದ್ಯಕ್ಕೆ ಕರೆ ಬಂತು. ಆಗ ಶ್ರೀಕೃಷ್ಣ ಲತೇಶನನ್ನು ಕೊದಿಲಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದ. ನೀವೇ ಹಾಕಿದ್ದಲ್ವಾ ಎಂದು ಲತೇಶ್ ಕೇಳಿದ. ನಾನು ಫೋನಿನಲ್ಲಿದ್ದಾಗ ನಿನಗೆ ಹೇಳಿದೆನಲ್ಲ ಎಂದ ಶ್ರೀಕೃಷ್ಣ. ಹೇಳಿದ್ದು ಮೆಣಸ್ಕಾಯಿಗೋ ಕೊದಿಲಿಗೋ ಎಂದು ಲತೇಶ್ ತಲೆ ಕೆರೆದ. ಚಪ್ಪರ ತುಂಬ ಜನ, ಹಾಕಿದ ಮೇಲೆ ಹಾಕಿದರೆ ಹೋಯಿತು, ಹಾಕದೆ ಬಿಟ್ಟರೂ ಹೋಯಿತು. ಅವನು ಸೌಟಿನ ತುದಿಯಲ್ಲಿ ಸ್ವಲ್ಪ ಕೊದಿಲು ತೆಗೆದು ಅಂಗೈಗೆ ಸುರಿದುಕೊಂಡು, ಉಗ್ರಾಣದ ಬಾಗಿಲ ಮರೆಗೆ ಸರಿದ. ಅಂಗೈ ಬಾಯಿಯ ಹತ್ತಿರ ಹೋಯಿತು.

ಭಟ್ಟರ ಸೌಟು ಖಾಲಿ ಹಂಡೆಯ ಕಂಠಕ್ಕೆ ಬಡಿಯಿತು. ಗಂಟೆ ಬಾರಿಸಿದ ಹಾಗೆ ಸದ್ದು. ಶ್ರೀಕೃಷ್ಣನ ಕೈ ಅಲ್ಲೇ ನಿಂತಿತು. ಭಟ್ಟರು ಎದ್ದು ನಿಂತಿದ್ದರು. ಕಟ್ಟಿದ ಬಟ್ಟೆಯ ಮೇಲೆ ಅವರ ಎರಡು ಕಣ್ಣು ಮತ್ತು ಮೂಗು ಮಾತ್ರ ಕಾಣುತ್ತಿದ್ದವು.

ಶ್ರೀಕೃಷ್ಣ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಉಪ್ಪಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಿಡಿದ.

"ಹಾಕಿ ಭಾವ. ನನಗೆ ಗೊತ್ತಾಗ್ತಾ ಇಲ್ಲ."

ಭಟ್ಟರು ಮತ್ತೊಮ್ಮೆ ಕೈ ತೊಳೆದರು. ಕೊಪ್ಪರಿಗೆಯಿಂದ ಒಂದು ಮಾರು ದೂರ ನಿಂತು, ಕಣ್ಣು ಮುಚ್ಚಿ ಹಬೆ ಎಳೆದುಕೊಂಡರು. ಹೊಗೆಗೆ ಎದೆಯಲ್ಲಿ ಕೆಮ್ಮು ಎದ್ದಿತು. ಬಾಗಿಲಲ್ಲಿ ಸೌಮ್ಯಶ್ರೀ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು. ಭಟ್ಟರು ಮುಖ ತಿರುಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಕೆಮ್ಮನ್ನು ನುಂಗಿ ಮತ್ತೆ ತಿರುಗಿದರು. ಹರಳುಪ್ಪನ್ನು ಬೊಗಸೆಯಲ್ಲಿ ಎತ್ತಿದರು, ಸ್ವಲ್ಪ ತಟ್ಟೆಗೆ ಉದುರಿಸಿದರು, ಉಳಿದದ್ದನ್ನು ಕೈ ನೀಡಿ ಕೊಪ್ಪರಿಗೆಯ ಸುತ್ತ ಬೀಸಿದರು. ಲತೇಶ್ ತಿರುವಿದ. ಕುದಿ ಒಮ್ಮೆ ಅಡಗಿ ಮತ್ತೆ ಎದ್ದಿತು. ಭಟ್ಟರು ಮೂಗು ಅರಳಿಸಿ ಇನ್ನೊಂದು ಚಿಟಿಕೆ ಹಾಕಿ, ಕೊಪ್ಪರಿಗೆಯ ಕಂಠಕ್ಕೆ ಸೌಟಿನಿಂದ ಒಂದೇ ಏಟು ಹೊಡೆದರು.

"ಕೊದಿಲಿಗೆ ಬಿತ್ತು" ಎಂದು ಶ್ರೀಕೃಷ್ಣ ಕೂಗಿ ಹೇಳಿದ.

ನೈವೇದ್ಯ ಆಯಿತು, ಎಲೆ ಹಾಕಿದರು. ಭಟ್ಟರು ಪಂಕ್ತಿಯ ತಲೆಯಲ್ಲಿ ಮೊದಲಿನ ಹಾಗೆಯೇ ಸೌಟು ಹಿಡಿದು ನಿಂತರು. ಈಗ ಬಟ್ಟೆ ಬಿಚ್ಚಿದ್ದರು, ಟವಲು ಹೆಗಲಲ್ಲಿತ್ತು. ಕಂಡವರೆಲ್ಲ ಲಾಯ್ಕಾಯ್ತು ಭಟ್ರೇ, ಬಹಳ ಲಾಯ್ಕಾಯ್ತು ಎಂದು ಬಾಯಿಗೆ ತುತ್ತು ಇಡುವ ಮೊದಲೇ ಹೇಳತೊಡಗಿದರು. ಕೊದಿಲು ಇನ್ನೂ ಎಲೆಗೆ ಬೀಳದವರೂ ಹೊಗಳಿದರು. ಭಟ್ಟರ ಹುಬ್ಬು ಗಂಟಿಕ್ಕುತ್ತ ಹೋಯಿತು. ಇವರು ಊಟದ ಮಾತು ಆಡುತ್ತಿಲ್ಲ, ರೋಗಿಯನ್ನು ನೋಡಿ ಹೋಗುವಾಗ ಆಡುವ ಮಾತು ಆಡುತ್ತಿದ್ದಾರೆ. ವಿಷ್ಣುಪ್ರಸಾದರು ಶಾಲಿನ ಪೊಟ್ಟಣ ಹಿಡಿದು ಆಚೆ ಬದಿಯಿಂದ ಬರುತ್ತಿದ್ದರು.

ಪಂಕ್ತಿಯ ನಡುವೆ ರಿಟಾಯರ್ಡ್ ಮಾಸ್ಟ್ರು ಚೆನ್ನಪ್ಪ ಕೂತಿದ್ದರು. ಅವರು ಕೊದಿಲು ಕಲಸಿದ ಅನ್ನದ ಎರಡನೇ ತುತ್ತು ನುಂಗಿ, ತಲೆ ಎತ್ತಿ, ಪಾಠ ಹೇಳುವ ಸ್ವರದಲ್ಲಿ ಹೇಳಿದರು.

"ಭಟ್ರೇ, ಕೊದಿಲಿಗೆ ಉಪ್ಪು ಒಂದು ಕಲ್ಲು ಕಮ್ಮಿ."

ಮಾಸ್ಟ್ರ ಹೆಂಡತಿ ಅವರ ತೊಡೆ ಚಿವುಟಿದರು. ಶ್ರೀಕೃಷ್ಣ, ತಪ್ಪು ನನ್ನದು ಎನ್ನಲು ಮುಂದೆ ಬಂದ. ವಿಷ್ಣುಪ್ರಸಾದರ ಹೆಜ್ಜೆ ನಿಂತಿತು. ಭಟ್ಟರು ಮಾತ್ರ ಸೌಟು ನೆಲಕ್ಕೂರಿ ಮಾಸ್ಟ್ರನ್ನು ದಿಟ್ಟಿಸಿದರು. ಆಸ್ಪತ್ರೆಗೆ ಹೋದಂದಿನಿಂದ ಅವರ ಎದುರು ಯಾರೂ ಇಷ್ಟು ಒರಟಾಗಿ ಮಾತಾಡಿರಲಿಲ್ಲ. ಅವರ ಕಣ್ಣು ಸಣ್ಣದಾಯಿತು, ಎದೆ ಕುಲುಕಿತು. ನಗುತ್ತಿದ್ದಾರೆ ಎಂದು ವೆಂಕಟಲಕ್ಷ್ಮಿಗೆ ಗೊತ್ತಾಯಿತು.

ಭಟ್ಟರು ನೇರ ಮಾಸ್ಟ್ರ ಎಲೆಯ ಮುಂದೆ ಬಂದು ನಿಂತು ಬಾಯಿ ತೆರೆದರು. ಆಪರೇಷನ್ ಆದ ಮೇಲೆ ಮನೆಯ ಹೊರಗೆ ಅವರು ಬಾಯಿ ತೆರೆದು ಮಾತಾಡಿದ್ದು ಅದೇ ಮೊದಲು. ಗಂಟಲಿನಿಂದ ಸ್ವರ ಬಂತು, ಉದ್ದವಾಗಿ, ಏರಿ ಇಳಿದು, ಕೈ ಮೂಗಿಗೂ ಎಲೆಗೂ ಮಾಸ್ಟ್ರ ಹೊಟ್ಟೆಗೂ ಹೋಗಿ ಬಂತು. ಒಂದು ಅಕ್ಷರವೂ ಆಕಾರ ಹಿಡಿಯಲಿಲ್ಲ. ಗಲ್ಲಕ್ಕೆ ನೀರಿಳಿಯಿತು. ಅವರು ಅವಸರ ಮಾಡದೆ ಟವಲಿನಿಂದ ಒರೆಸಿಕೊಂಡು, ಬಿಟ್ಟಲ್ಲಿಂದ ಮುಂದುವರಿಸಿ, ಹೇಳಬೇಕಾದದ್ದನ್ನು ಹೇಳಿ ಮುಗಿಸಿದರು.

ಮಾಸ್ಟ್ರು ಪೂರ್ತಿ ಕೇಳಿಸಿಕೊಂಡರು.

"ಎಂತ ಹೇಳಿದ್ರು ಅಂತ ಗೊತ್ತಾಗ್ಲಿಲ್ಲ" ಎಂದರು ಪಕ್ಕದವರಿಗೆ. "ಬೈದದ್ದು ಅಂತ ಗೊತ್ತಾಯ್ತು."

ಪಂಕ್ತಿ ನಗೆಯಲ್ಲಿ ಮುರಿದುಬಿತ್ತು. ಆಮೇಲೆ ಒಬ್ಬೊಬ್ಬರೂ ನಿಜವಾಗಿ ಕೊದಿಲು ಸವಿಯಲು ಕೂತರು. ಕಮ್ಮಿ ಎಂದರು ಕೆಲವರು, ಮಾಸ್ಟ್ರಿಗೆ ಬೀಪಿ ಇದೆ, ಆ ನಾಲಗೆಯನ್ನು ನಂಬುವುದು ಹೇಗೆ ಎಂದರು ಕೆಲವರು. ಉಂಡವರಲ್ಲಿ ಇವತ್ತಿಗೂ ಎರಡು ಪಕ್ಷ ಉಂಟು. ವಿಷ್ಣುಪ್ರಸಾದರು ಶಾಲಿನ ಪೊಟ್ಟಣವನ್ನು ಹತ್ತಿರದ ಕಿಟಕಿಯ ಮೇಲಿಟ್ಟು, ಬರುವ ತಿಂಗಳ ತಂಗಿಯ ಮನೆಯ ಗೃಹಪ್ರವೇಶಕ್ಕೆ ಅಡಿಗೆ ಯಾರದ್ದು ಎಂದು ಶ್ರೀಕೃಷ್ಣನನ್ನು ಕೇಳಿದರು. ಶ್ರೀಕೃಷ್ಣ ಭಟ್ಟರ ಬೆನ್ನಿನ ಕಡೆಗೆ ಗಲ್ಲ ಎತ್ತಿ ತೋರಿಸಿದ.

ಭಟ್ಟರಿಗೆ ಅದೊಂದೂ ಕೇಳಿಸಲಿಲ್ಲ. ಅವರು ಬಡಿಸುವವನ ಕೈಯಿಂದ ಕೊದಿಲಿನ ಬಾಲ್ದಿ ಕಸಿದುಕೊಂಡು, ಉಪ್ಪು ಕಮ್ಮಿ ಎಂದವರ ಎಲೆಗೆ ಒಂದು ಸೌಟು, ಇನ್ನೊಂದು ಸೌಟು ಸುರಿಯುತ್ತಿದ್ದರು. ಮಾಸ್ಟ್ರು ಸಾಕು ಎಂದು ಕೈ ಅಡ್ಡ ಹಿಡಿಯಲಿಲ್ಲ.